ರಷ್ ಲ್ಯಾನ್ಸರ್ಸ್ ಮಾಡೆಲ್: ಈಟಿಗಳು ಮುಗಿದವು, ಈಗ ಕತ್ತಿಗಳ ಸರದಿ

ಈಟಿಗಳ ಕೆಲಸ ಅಂತೂ ಮುಗಿಯಿತು. ಮೊದಲನೇ ಹಲಗೆಯ ಮೇಲಿರುವ ಸವಾರರೆಲ್ಲರ ಕೈಯಲ್ಲೂ ಈಗ ಒಂದೊಂದು ಈಟಿ ಇದೆ, ತುದಿಯಲ್ಲಿ ಕೆಂಪು ಬಾವುಟ ಇದೆ.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಕಡೆಯಿಂದ ಹೋರಾಡಿದ ಆರನೇ ಪೆನ್ಸಿಲ್ವೇನಿಯಾ ಕ್ಯಾವಲ್ರಿಯ, ಅಂದರೆ ಕುದುರೆ ಪಡೆಯ, ಕಥೆಯನ್ನು 1:32 ಅಳತೆಯ ಗೊಂಬೆಗಳಲ್ಲಿ ಮಾಡುತ್ತಿದ್ದೇನೆ. ಒಟ್ಟು ನಾಲ್ಕು ಹಲಗೆ: 1862, 1863, 1864, 1865. ವರ್ಷಕ್ಕೊಂದು. 1861ರಲ್ಲಿ ಫಿಲಡೆಲ್ಫಿಯಾದಲ್ಲಿ ಕಟ್ಟಿದ ಪಡೆ ಇದು. ಕರ್ನಲ್ ರಿಚರ್ಡ್ ರಷ್ ಇದರ ಮುಖ್ಯಸ್ಥರು. ಅದಕ್ಕೇ ಇವರಿಗೆ ರಷ್ ಲ್ಯಾನ್ಸರ್ಸ್, ಅಂದರೆ ರಷ್ ಅವರ ಈಟಿ ಸವಾರರು ಅಂತ ಹೆಸರು. ರಷ್ ಅವರು ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಬೆಂಜಮಿನ್ ರಷ್ ಅವರ ಮೊಮ್ಮಗ. ಸೈನಿಕರು ಖಾಯಂ ಸೇನೆಯವರಲ್ಲ. ಯುದ್ಧ ಬಂತು ಅಂತ ಮೂರು ವರ್ಷಕ್ಕೆ ಹೆಸರು ಕೊಟ್ಟು ಬಂದ ವಾಲಂಟಿಯರ್‌ಗಳು. ಈಟಿ ಹಿಡಿಯಿರಿ ಅಂತ ಸೂಚಿಸಿದ್ದು ಉತ್ತರದ ಸೇನೆಯ ಜನರಲ್ ಮೆಕ್‌ಕ್ಲೆಲನ್. ಕ್ರೈಮಿಯಾ ಯುದ್ಧದ ಹೊತ್ತಿಗೆ ಅವರು ಯುರೋಪಿಗೆ ಹೋಗಿ ಅಲ್ಲಿನ ಸೇನೆಗಳನ್ನು ಕಣ್ಣಾರೆ ನೋಡಿ ಬಂದಿದ್ದರು.

ನಿಜವಾದ ಈಟಿ ಸುಮಾರು 9 ಅಡಿ ಉದ್ದ. ಕೋಲು ನಾರ್ವೆ ಫರ್ ಮರದ್ದು, ಒಂದೂಕಾಲು ಅಂಗುಲ ದಪ್ಪ. ತುದಿಯಲ್ಲಿ 11 ಅಂಗುಲದ ಮೂರಂಚಿನ ಅಲಗು. ಒಟ್ಟು ತೂಕ ಹತ್ತಿರ ಹತ್ತಿರ 5 ಪೌಂಡ್. ಇದನ್ನು 32ರಿಂದ ಭಾಗಿಸಿದರೆ ಉದ್ದ 86 ಮಿಲಿಮೀಟರ್, ದಪ್ಪ ಬರೀ 1 ಮಿಲಿಮೀಟರ್ ಬರುತ್ತದೆ. ಆ ದಪ್ಪಕ್ಕೆ ಪ್ಲಾಸ್ಟಿಕ್ ಕಡ್ಡಿ ಬಾಗುತ್ತದೆ. ಹಿತ್ತಾಳೆ ತಂತಿ ನೇರವಾಗಿ ನಿಲ್ಲುತ್ತದೆ, ಆದರೆ ನೋಡಿದರೆ ಮರದ ಹಾಗೆ ಕಾಣುವುದಿಲ್ಲ. ಕೊನೆಗೆ ತೆಂಗಿನ ಪೊರಕೆ ಕಡ್ಡಿಯೇ ಸರಿ ಹೋಯಿತು. ಕಡ್ಡಿಯ ಸಣ್ಣ ತುದಿ ಬಿಟ್ಟು ನಡುವಿನ ಭಾಗ ತೆಗೆದುಕೊಂಡು, ಮರಳು ಕಾಗದದಿಂದ ಎರಡೂ ಕಡೆ ಉಜ್ಜಿದರೆ ಸಾಕು. ಎಳೆಗಳು ಕೂಡ ಮರದ ಎಳೆಗಳಂತೆಯೇ ಕಾಣುತ್ತವೆ. ಅಲಗಿಗೆ ಗುಂಡುಸೂಜಿ. ತಲೆ ಕತ್ತರಿಸಿ, ಸಣ್ಣ ಅರದಲ್ಲಿ ಮೂರು ಕಡೆ ಉಜ್ಜಿ, 9 ಮಿಲಿಮೀಟರ್ ಹೊರಗೆ ಬಿಟ್ಟು ಅಂಟಿಸಿದ್ದೇನೆ. ಭೂತಗನ್ನಡಿ ಇಲ್ಲದೆ ಆ ಮೂರು ಅಂಚು ಯಾರಿಗೂ ಕಾಣುವುದಿಲ್ಲ. ಆದರೂ ಚಪ್ಪಟೆ ಅಲಗು ಹಾಕಲು ಮನಸ್ಸು ಬರಲಿಲ್ಲ.

ಬಾವುಟ ಕಡುಗೆಂಪು, ತುದಿ ಸೀಳಿದ್ದು. ತೆಳು ಕಾಗದಕ್ಕೆ ನೀರು ಬೆರೆಸಿದ ಫೆವಿಕಾಲ್ ಹಚ್ಚಿ, ಅದು ಒದ್ದೆಯಿರುವಾಗಲೇ ಬೆರಳಲ್ಲಿ ಅಲೆ ಮಾಡಬೇಕು. ಸಾಲಿನಲ್ಲಿರುವ ಎಲ್ಲ ಬಾವುಟಗಳೂ ಒಂದೇ ದಿಕ್ಕಿಗೆ ಹಾರಬೇಕು, ಗಾಳಿ ಒಂದೇ ಅಲ್ವಾ. ಸವಾರರಿಗೆ ಕಡುನೀಲಿ ಗಿಡ್ಡ ಜಾಕೆಟ್, ಅದಕ್ಕೆ ಹಳದಿ ಪಟ್ಟಿ, ತಿಳಿನೀಲಿ ಪ್ಯಾಂಟ್.

ಈ ಹಲಗೆ ಚೆಂದ ಬಂದಿದೆ, ಸಂತೋಷ ಆಗಿದೆ. ಆದರೆ ಈಟಿ ಇರುವುದು ಈ ಒಂದೇ ಹಲಗೆಯಲ್ಲಿ. ಉಳಿದವರ ಕೈಯಲ್ಲಿ ಯಾಕಿಲ್ಲ ಅಂತ ಫೋಟೋ ನೋಡಿದವರು ಕೇಳುತ್ತಿದ್ದಾರೆ. ಪಡೆಯ ಹೆಸರಲ್ಲೇ ಈಟಿ ಇದೆ, ಹಾಗಾಗಿ ಪ್ರಶ್ನೆ ಸಹಜ. ಆದರೆ ಇವರು ಈಟಿ ಹಿಡಿದಿದ್ದು ಯುದ್ಧದ ಅರ್ಧಕ್ಕಿಂತ ಕಡಿಮೆ ಕಾಲ. ವರ್ಜೀನಿಯಾದಲ್ಲಿ ಎಲ್ಲಿ ನೋಡಿದರೂ ಕಾಡು, ಪೊದೆ, ಬೇಲಿ. ಅಲ್ಲಿ 9 ಅಡಿಯ ಕೋಲು ಹಿಡಿದು ಕುದುರೆ ಓಡಿಸುವುದು ಹೇಗೆ? ಕಾವಲಿಗೆ, ಬೇಹಿಗೆ ಬೇಕಾದದ್ದು ಬಂದೂಕು. ಅದಕ್ಕೇ ಕಂಪನಿಗೆ, ಅಂದರೆ ಪಡೆಯ ಒಂದೊಂದು ತುಕಡಿಗೆ, 12ರಂತೆ ಕಾರ್ಬೈನ್ (ಸವಾರರ ಗಿಡ್ಡ ಬಂದೂಕು) ಕೊಟ್ಟರು. ಮೊದಲನೇ ಹಲಗೆಯಲ್ಲಿ ಬೆನ್ನಿಗೆ ಕಾರ್ಬೈನ್ ನೇತುಹಾಕಿದ ಒಬ್ಬನನ್ನು ಅಂಚಿಗೆ ನಿಲ್ಲಿಸಿರುವುದು ಇದಕ್ಕಾಗಿಯೇ. 1863ರ ಮೇ ತಿಂಗಳಲ್ಲಿ ಈಟಿಗಳನ್ನು ಪೂರ್ತಿ ವಾಪಸ್ ಕೊಟ್ಟು ಎಲ್ಲರೂ ಕಾರ್ಬೈನ್ ಹಿಡಿದರು. ಈ ಪಡೆ ತನ್ನ ದೊಡ್ಡ ಹೆಸರು ಸಂಪಾದಿಸಿದ್ದು ಅದಾದ ಮೇಲೆ. ನಾಲ್ಕು ಹಲಗೆ ಬೇಕು ಅಂತ ಹಟ ಹಿಡಿದಿರುವುದೂ ಅದಕ್ಕೇ.

ಈಗ ಕೈಗೆತ್ತಿಕೊಂಡಿರುವುದು ಎರಡನೇ ಹಲಗೆ: 1863ರ ಜೂನ್ 9, ಬ್ರ್ಯಾಂಡಿ ಸ್ಟೇಷನ್. ಅಂತರ್ಯುದ್ಧದಲ್ಲೇ ಅತಿ ದೊಡ್ಡ ಕುದುರೆ ಕಾಳಗ ಇದು. ಬೆಳಗಿನ ಜಾವ ಜನರಲ್ ಬ್ಯೂಫೋರ್ಡ್ ಅವರ ಪಡೆ ಬೆವರ್ಲಿ ಫೋರ್ಡ್ ಹತ್ತಿರ ರಪ್ಪಹಾನಕ್ ನದಿ ದಾಟಿತು. ಸೇಂಟ್ ಜೇಮ್ಸ್ ಚರ್ಚಿನ ಬಳಿ ದಕ್ಷಿಣದವರ ಫಿರಂಗಿಗಳು ಸಾಲಾಗಿ ನಿಂತಿದ್ದವು. ಅವಕ್ಕೂ ಕಾಡಿನ ಅಂಚಿಗೂ ನಡುವೆ ಅರ್ಧ ಮೈಲಿ ಹತ್ತಿರ ಬಯಲು. ಆ ಬಯಲಿನ ಮೇಲೆ ಆರನೇ ಪೆನ್ಸಿಲ್ವೇನಿಯಾ ಕತ್ತಿ ಹಿರಿದು ನೇರ ಫಿರಂಗಿಗಳ ಬಾಯಿಗೇ ನುಗ್ಗಿತು. ಫಿರಂಗಿಗಳ ನಡುವಿನವರೆಗೂ ಹೋಗಿ ಮುಟ್ಟಿದರು. ಆಮೇಲೆ ಮೂರು ಕಡೆಯಿಂದ ಏಟು ಬಿದ್ದು, ಬಂದ ದಾರಿಯಲ್ಲೇ ಕಾದಾಡುತ್ತಾ ಹಿಂದಿರುಗಬೇಕಾಯಿತು.

ಅಂದು ಮುಂದೆ ನಿಂತು ನಡೆಸಿದ್ದು ಮೇಜರ್ ರಾಬರ್ಟ್ ಮಾರಿಸ್. ಕಂದಕ ಹಾರುವಾಗ ಅವರ ಕುದುರೆ ಬಿತ್ತು, ಅವರು ಸೆರೆ ಸಿಕ್ಕರು. ರಿಚ್ಮಂಡ್‌ನ ಲಿಬ್ಬಿ ಜೈಲಿನಲ್ಲಿ ಅದೇ ಆಗಸ್ಟ್‌ನಲ್ಲಿ ತೀರಿಕೊಂಡರು. ಹಲಗೆಯ ನಡುವೆ ಆ ಕಂದಕವನ್ನು ಕಡೆದಿದ್ದೇನೆ. ಮಾರಿಸ್ ಅವರನ್ನು ಬಿದ್ದ ಸ್ಥಿತಿಯಲ್ಲಿ ಕೂರಿಸುವುದಿಲ್ಲ. ಕುದುರೆಯ ಮುಂಗಾಲು ಎರಡೂ ಮೇಲೆ, ಹಿಂಗಾಲು ಇನ್ನೂ ದಂಡೆಯ ಮೇಲೆ, ಅವರ ಕತ್ತಿ ಮುಂದಕ್ಕೆ ಚಾಚಿದೆ. ಇಡೀ ತೂಕ ಹಿಂಗಾಲಿನ ಮೇಲೆ ಬೀಳುವುದರಿಂದ ಗೊರಸಿನೊಳಗೆ ಉಕ್ಕಿನ ತಂತಿ ತೂರಿಸಿ ಹಲಗೆಗೆ ಇಳಿಸಿದ್ದೇನೆ. ಈ ಒಂದು ಕುದುರೆಗೇ ಎಲ್ಲಕ್ಕಿಂತ ಜಾಸ್ತಿ ಸಮಯ ಹಿಡಿಯುತ್ತಿದೆ, ಹಿಡಿಯಲಿ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಇವರಿದ್ದ ಬ್ರಿಗೇಡ್‌ನಲ್ಲಿ, ಅಂದರೆ ಹಲವು ರೆಜಿಮೆಂಟ್‌ಗಳು ಸೇರಿದ ದೊಡ್ಡ ಪಡೆಯಲ್ಲಿ, ಬೇರೆ ನಾಲ್ಕು ರೆಜಿಮೆಂಟ್‌ಗಳೂ ಖಾಯಂ ಸೇನೆಯವು: ಒಂದನೇ, ಎರಡನೇ, ಐದನೇ, ಆರನೇ ಯುಎಸ್ ಕ್ಯಾವಲ್ರಿ. ಅವುಗಳ ನಡುವೆ ವಾಲಂಟಿಯರ್ ಪಡೆ ಇದೊಂದೇ. ವೃತ್ತಿ ಸೈನಿಕರಿಗೆ ಹೆಗಲು ಕೊಟ್ಟು ನಿಂತರು ಅನ್ನುವುದು ನನಗೆ ಈಟಿಗಿಂತ ದೊಡ್ಡ ವಿಷಯ.

ಅದೇ 1863ರ ಗೆಟಿಸ್‌ಬರ್ಗ್ ಕಾಳಗಕ್ಕೆ ಬೇರೆ ಹಲಗೆ ಮಾಡುತ್ತಿಲ್ಲ. ಜುಲೈ 3ರಂದು ಇವರು ಯುದ್ಧಭೂಮಿಯ ದಕ್ಷಿಣ ತುದಿಯಲ್ಲಿ ಕುದುರೆ ಇಳಿದು ಬಂದೂಕಿನಿಂದ ಹೋರಾಡಿದರು. ಅಲ್ಲಿನ ಇವರ ಸ್ಮಾರಕಕ್ಕೆ ಕಲ್ಲಿನ ಈಟಿಗಳನ್ನು ಕಡೆದಿದ್ದಾರೆ. ಆ ದಿನ ಅವರ ಕೈಯಲ್ಲಿ ಈಟಿ ಇರಲಿಲ್ಲ ಅನ್ನುವುದು ಅದನ್ನು ನೋಡುವವರಿಗೆ ಗೊತ್ತಿರಬೇಕು.

ಮೂರನೇ ಹಲಗೆ 1864ರ ಜೂನ್‌ನ ಟ್ರೆವಿಲಿಯನ್ ಸ್ಟೇಷನ್. ಉತ್ತರದ ಜನರಲ್ ಶೆರಿಡನ್ ಅವರ ಕೆಳಗೆ ರೈಲು ಹಳಿ ಕೀಳಲು ಹೊರಟಾಗ ಆದ ಎರಡು ದಿನದ ಕಾಳಗ. ಇಲ್ಲಿ ಸವಾರರು ನೆಲದ ಮೇಲೆ. ಆಗಿನ ಪದ್ಧತಿಯಂತೆ ನಾಲ್ವರಲ್ಲಿ ಮೂವರು ಮುಂದೆ ಹೋಗಿ ಗುಂಡು ಹಾರಿಸಿದರೆ ಒಬ್ಬ ಹಿಂದೆ ನಾಲ್ಕೂ ಕುದುರೆಗಳನ್ನು ಹಿಡಿದು ನಿಲ್ಲುತ್ತಿದ್ದ. ಮಾಡೆಲ್‌ಗಳಲ್ಲಿ ಅವನನ್ನು ಯಾರೂ ಅಷ್ಟಾಗಿ ಮಾಡುವುದಿಲ್ಲ. ನನ್ನ ಹಲಗೆಯಲ್ಲಿ ಅವನೇ ಮುಂದೆ. ಲಗಾಮುಗಳಿಗೆ ಸೀಸದ ತೆಳು ಹಾಳೆ ಸೀಳಿಟ್ಟಿದ್ದೇನೆ, ಬೇಕಾದ ಹಾಗೆ ಬಾಗುತ್ತದೆ. ಅದನ್ನು ಮುಟ್ಟಿದ ಮೇಲೆ ಕೈ ಚೆನ್ನಾಗಿ ತೊಳೆಯಿರಿ, ಮಕ್ಕಳ ಕೈಗೆ ಸಿಗದಂತೆ ಇಡಿ.

1865ರ ಹಲಗೆಗೆ ಇನ್ನೂ ಗರಗಸ ಹಾಕಿಲ್ಲ. ಫೈವ್ ಫೋರ್ಕ್ಸ್ ಕಾಳಗ, ದಕ್ಷಿಣದ ಜನರಲ್ ಲೀ ಶರಣಾದ ಏಪ್ರಿಲ್ 9ರ ಅಪೊಮ್ಯಾಟಕ್ಸ್, ಎರಡರಲ್ಲೂ ಇವರಿದ್ದರು. ಅಷ್ಟು ಹೊತ್ತಿಗೆ ಜನ ತೀರಾ ಕಡಿಮೆಯಾಗಿದ್ದರು. ಜೂನ್‌ನಲ್ಲಿ ಒಂದನೇ ಮತ್ತು ಹದಿನೇಳನೇ ಪೆನ್ಸಿಲ್ವೇನಿಯಾ ಜೊತೆ ಸೇರಿಸಿ ಬೇರೆ ಹೆಸರು ಕೊಟ್ಟರು. ಆಗಸ್ಟ್ 7ರಂದು ಕೆಂಟಕಿಯ ಲೂಯಿವಿಲ್‌ನಲ್ಲಿ ಸೇವೆಯಿಂದ ಬಿಡುಗಡೆ. ಹಾಗಾಗಿ ಕೊನೆಯ ಹಲಗೆಯ ಅಳತೆ ಉಳಿದವಷ್ಟೇ ಇದ್ದರೂ ಮೇಲೆ ಗೊಂಬೆಗಳು ಕೆಲವೇ ಇರುತ್ತವೆ.

ಸದ್ಯಕ್ಕೆ ಬ್ರ್ಯಾಂಡಿ ಸ್ಟೇಷನ್ ಬಯಲಿಗೆ ಹುಲ್ಲು ಅಂಟಿಸಬೇಕು, ಜೂನ್ ತಿಂಗಳ ಹಸಿರು ಬೇಕು. ಫಿರಂಗಿಗಳ ಚಕ್ರಗಳಿಗೆ ಪ್ರೈಮರ್ ಹೊಡೆದು ಒಣಗಲು ಇಟ್ಟಿದ್ದೇನೆ. ಅದು ಒಣಗಿದರೆ ಮುಂದಿನ ವಾರ ಬಣ್ಣ.