ಪ್ಯಾರಿಸ್‌ನಲ್ಲಿ ಸ್ಟೆಫಿ ಗ್ರಾಫ್ ಗೆದ್ದ ಕೊನೆಯ ಪಂದ್ಯ

1999ರ ಜೂನ್ 5, ಶನಿವಾರ. ಹಿಂದಿನ ದಿನವಷ್ಟೇ ಓವಲ್‌ನಲ್ಲಿ ಭಾರತ ಆಸ್ಟ್ರೇಲಿಯಾ ಎದುರು 77 ರನ್‌ಗಳಿಂದ ಸೋತಿತ್ತು. ಶಿವಮೊಗ್ಗದ ಅಕ್ಕನ ಮನೆಯಲ್ಲಿ ವಿಶ್ವಕಪ್ ನೋಡುವ ಉತ್ಸಾಹ ಯಾರಿಗೂ ಉಳಿದಿರಲಿಲ್ಲವಾದ್ದರಿಂದ ರಿಮೋಟ್ ನನ್ನ ಕೈಗೆ ಬಂತು, ಫ್ರೆಂಚ್ ಓಪನ್ ಟೆನಿಸ್‌ನ ಮಹಿಳೆಯರ ಫೈನಲ್ ನೋಡಲು ಸಿಕ್ಕಿತು.

ಒಂದು ಕಡೆ ಅಗ್ರ ಶ್ರೇಯಾಂಕದ ಹದಿನೆಂಟರ ಮಾರ್ಟಿನಾ ಹಿಂಗಿಸ್, ಇನ್ನೊಂದು ಕಡೆ ಮೂವತ್ತಕ್ಕೆ ಕೆಲವೇ ದಿನ ಬಾಕಿಯಿದ್ದ ಜರ್ಮನಿಯ ಸ್ಟೆಫಿ ಗ್ರಾಫ್. 1988ರಲ್ಲಿ ಟೆನಿಸ್‌ನ ಅತಿ ದೊಡ್ಡ ಟೂರ್ನಿಗಳಾದ ನಾಲ್ಕೂ ಗ್ರ್ಯಾಂಡ್ ಸ್ಲಾಂಗಳ ಜೊತೆಗೆ ಸೋಲ್ ಒಲಿಂಪಿಕ್ಸ್‌ನ ಚಿನ್ನವನ್ನೂ ಗೆದ್ದಿದ್ದ ಸ್ಟೆಫಿ, 1997ರಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಒಳಗಾಗಿ, ತಿಂಗಳುಗಟ್ಟಲೆ ಅಂಗಳದಿಂದ ದೂರವಿದ್ದು, ಮತ್ತೆ ಮೇಲೇಳಲು ಹೆಣಗುತ್ತಿದ್ದ ಕಾಲ ಅದು. 1996ರ ಅಮೆರಿಕ ಓಪನ್ ನಂತರ ಗ್ರ್ಯಾಂಡ್ ಸ್ಲಾಂ ಪ್ರಶಸ್ತಿ ಯಾವುದೂ ದಕ್ಕಿರಲಿಲ್ಲ. ಹಾಗಿದ್ದರೂ ಈ ಟೂರ್ನಿಯಲ್ಲಿ ಎರಡನೆಯ, ಮೂರನೆಯ ಶ್ರೇಯಾಂಕದ ಡೇವನ್‌ಪೋರ್ಟ್, ಸೆಲೆಸ್ ಇಬ್ಬರನ್ನೂ ಸೋಲಿಸಿಯೇ ಫೈನಲ್‌ಗೆ ಬಂದಿದ್ದಳು.

ಮೊದಲ ಸೆಟ್ 6-4ರಿಂದ ಹಿಂಗಿಸ್ ಪಾಲಾಯಿತು. ಎರಡನೆಯದರಲ್ಲೂ ಆಕೆ 2-0 ಮುನ್ನಡೆ ಪಡೆದಳು. ಭಾವ ಪೇಪರ್ ಮಡಿಸಿಟ್ಟು, "ವಯಸ್ಸಾಯ್ತು ಬಿಡು ಮಾರಾಯ, ಈ ಹುಡುಗಿ ಮುಂದೆ ಇವಳದ್ದು ನಡೆಯಲ್ಲ" ಎಂದರು. ಆಮೇಲೆ ನಡೆದದ್ದನ್ನು ಟೆನಿಸ್ ಬಲ್ಲವರು ಈಗಲೂ ಹೇಳುತ್ತಿರುತ್ತಾರೆ. ತನ್ನ ಹೊಡೆತ ಹೊರಗೆ ಬಿತ್ತೆಂಬ ತೀರ್ಪನ್ನು ಒಪ್ಪದ ಹಿಂಗಿಸ್, ನೆಟ್ ದಾಟಿ ಎದುರಾಳಿಯ ಅಂಗಳಕ್ಕೇ ನಡೆದು ಕೆಂಪು ಮಣ್ಣಿನ ಮೇಲಿನ ಗುರುತನ್ನು ತೋರಿಸಿದಳು. ದಂಡವಾಗಿ ಒಂದು ಅಂಕ ಹೋಯಿತು, ಪ್ರೇಕ್ಷಕರು ಒಂದೇ ಸಮನೆ ಆಕೆಯ ವಿರುದ್ಧ ತಿರುಗಿದರು.

ಆ ಜಗಳವೇ ಪಂದ್ಯವನ್ನು ತಿರುಗಿಸಿತು ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅದರ ನಂತರವೂ ಹಿಂಗಿಸ್ 5-4ರಲ್ಲಿ ಪಂದ್ಯ ಗೆಲ್ಲಲು ಸರ್ವ್ ಮಾಡುತ್ತಿದ್ದಳು. ಅಂಥ ಹೊತ್ತಿನಲ್ಲೂ ಸ್ಟೆಫಿ ತನ್ನ ಹಳೆಯ ಆಟವನ್ನೇ ಆಡಿದಳು: ಚೆಂಡು ಹೆಚ್ಚು ಪುಟಿಯದಂತೆ ಕತ್ತರಿಸಿ ಬಿಡುವ ಬ್ಯಾಕ್‌ಹ್ಯಾಂಡ್ ಸ್ಲೈಸ್, ಆಮೇಲೆ ಎಡ ಮೂಲೆಗೆ ಸುತ್ತಿಬಂದು ಬೀಸುವ ಆ ಫೋರ್‌ಹ್ಯಾಂಡ್. ನನ್ನ ಕಣ್ಣು ಹೆಚ್ಚಾಗಿ ನೆಟ್ಟಿದ್ದು ಆಕೆಯ ಅವಸರದ ಮೇಲೆ. ಒಂದು ಅಂಕ ಮುಗಿದೊಡನೆ ಬಿರಬಿರನೆ ಬೇಸ್‌ಲೈನಿಗೆ ನಡೆದು, ಚೆಂಡು ಕೊಡುವ ಹುಡುಗನತ್ತ ಕೈ ಚಾಚಿ ನಿಲ್ಲುತ್ತಿದ್ದಳು. ಸೋಲುತ್ತಿರುವವರು ಸಾಮಾನ್ಯವಾಗಿ ಹೊತ್ತು ಕಳೆಯುತ್ತಾರೆ. ಇವಳಿಗೆ ಅದು ಗೊತ್ತೇ ಇರಲಿಲ್ಲ.

ಹಿಂಗಿಸ್ ಸರ್ವ್ ಮಾಡಿದ ಆ ಗೇಮನ್ನು ಸ್ಟೆಫಿ ತಾನೇ ಕಿತ್ತುಕೊಂಡು, ಸೆಟ್ಟನ್ನು 7-5ರಿಂದ ಗೆದ್ದ ಮೇಲೆ ಮೂರನೆಯದು 6-2ಕ್ಕೆ ಮುಗಿಯಿತು. ಸೋಲಿನಂಚಿನಲ್ಲಿ ಹಿಂಗಿಸ್ ಕೈ ಕೆಳಗಿಂದ ಸರ್ವ್ ಮಾಡಿದಾಗ ಅಕ್ಕ ಅಡುಗೆಮನೆಯಿಂದ ಬಂದು "ಇದೆಂಥ ಆಟ?" ಎಂದು ಕೇಳಿದಳು. ಅಳುತ್ತಾ ಅಂಗಳ ಬಿಟ್ಟ ಆ ಹುಡುಗಿಯನ್ನು ತಾಯಿ ಸಮಾಧಾನ ಮಾಡಿ ಬಹುಮಾನ ವಿತರಣೆಗೆ ಮರಳಿ ಕರೆತಂದರು. ಹದಿನೆಂಟು ವರ್ಷದವಳಿಗೆ ಇಡೀ ಕ್ರೀಡಾಂಗಣ ಹಾಗೆ ಕೂಗಿದ್ದು ಹೆಚ್ಚಾಯಿತೆಂದೇ ನನಗೆ ಅನ್ನಿಸಿತು. ಸ್ಟೆಫಿಗೆ ಅದು ಪ್ಯಾರಿಸ್‌ನ ಆರನೆಯ, ಒಟ್ಟಾರೆ 22ನೆಯ ಗ್ರ್ಯಾಂಡ್ ಸ್ಲಾಂ ಪ್ರಶಸ್ತಿ. ಇನ್ನು ಇಲ್ಲಿಗೆ ಆಡಲು ಬರುವುದಿಲ್ಲವೆಂದು ಆಕೆ ಅಂದೇ ಹೇಳಿಬಿಟ್ಟಳು. ಭಾವನಿಗಂತೂ ಅದೇ ಟೂರ್ನಿಯ ಡಬಲ್ಸ್‌ನಲ್ಲಿ ನಮ್ಮ ಪೇಸ್ ಮತ್ತು ಭೂಪತಿ ಗೆದ್ದದ್ದೇ ದೊಡ್ಡ ಸುದ್ದಿಯಾಗಿತ್ತು.

ಮುಂದಿನ ತಿಂಗಳು ವಿಂಬಲ್ಡನ್ ಫೈನಲ್‌ನಲ್ಲಿ ಸ್ಟೆಫಿ ಡೇವನ್‌ಪೋರ್ಟ್ ಎದುರು ಸೋತಳು. ಸ್ಯಾನ್ ಡಿಯಾಗೊದಲ್ಲಿ ಗಾಯದಿಂದ ಪಂದ್ಯವೊಂದನ್ನು ಅರ್ಧಕ್ಕೆ ಬಿಟ್ಟ ಬಳಿಕ ಆಗಸ್ಟ್ 13ರಂದು ನಿವೃತ್ತಿ ಘೋಷಿಸಿದಾಗ ಆಕೆ ವಿಶ್ವದ ಮೂರನೆಯ ಶ್ರೇಯಾಂಕದಲ್ಲಿದ್ದಳು. ಇನ್ನೂ ಎರಡು ವರ್ಷ ಆಡಬಹುದಿತ್ತು ಎಂದು ಈ ಸಲ ಭಾವನೇ ಬೇಸರಪಟ್ಟುಕೊಂಡರು. ಮೊದಲ ಮೂರು ಶ್ರೇಯಾಂಕದವರನ್ನೂ ಒಂದೇ ಟೂರ್ನಿಯಲ್ಲಿ ಸೋಲಿಸಿದವಳು ಇನ್ನು ಯಾರಿಗೆ ಏನನ್ನು ತೋರಿಸಬೇಕಿತ್ತು ಎಂದು ನಾನು ವಾದಿಸಿದೆ, ಅವರು ಒಪ್ಪಲಿಲ್ಲ.