ಬುದ್ಧಿ ಹೇಳದೆ ಕೂರುವುದು

ಬದಿಯಡ್ಕದಿಂದ ಕಾಸರಗೋಡಿಗೆ ಬಸ್ಸಲ್ಲಿ ಹೋಗಿಬಂದು ವ್ಯಸನಮುಕ್ತಿ ಕೌನ್ಸೆಲಿಂಗ್ ಕಲಿಯಲು ಶುರುಮಾಡಿ ಎರಡು ತಿಂಗಳಾಯಿತು. ಬುದ್ಧಿ ಹೇಳುವ ಕೆಲಸ ಅಂದುಕೊಂಡಿದ್ದೆ. ಅಲ್ಲೇ ಎಡವಿದ್ದು.

ಮೊದಲ ರೋಲ್ ಪ್ಲೇಯಲ್ಲಿ ಜೊತೆಗಾರ ಕುಡುಕನ ಪಾತ್ರ ಹಾಕಿದ್ದ (ಆ ಪದವನ್ನೇ ಈಗ ನಮ್ಮ ಬಾಯಿಂದ ಬಿಡಿಸುತ್ತಿದ್ದಾರೆ). "ಮಕ್ಕಳ ಮುಖ ನೋಡಿಯಾದರೂ ಬಿಡಬಾರದಾ?" ಅಂತ ನಾನು ಕೇಳಿದ್ದೇ ತಡ, ಕುರ್ಚಿ ತಿರುಗಿಸಿ ಗೋಡೆ ನೋಡುತ್ತಾ ಕುಳಿತ. ಟೀಚರ್ ನಕ್ಕರು. "ಅದನ್ನು ಅವನ ಅತ್ತೆ ದಿನಾ ಹೇಳುತ್ತಾರೆ, ನೀವ್ಯಾಕೆ?"

ಕುಡಿತ ಅಪಾಯದ ಮಟ್ಟಕ್ಕೆ ಹೋಗಿದೆಯಾ ಅಂತ ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯ 'ಆಡಿಟ್' ಪ್ರಶ್ನಾವಳಿಯೂ ಇದೆ. 10 ಪ್ರಶ್ನೆ, 40 ಅಂಕ, 8 ಅಥವಾ ಜಾಸ್ತಿ ಬಂದರೆ ಎಚ್ಚರ. ಆದರೆ ಅದು ಕೇಳುವುದು 'ಎಷ್ಟು ಡ್ರಿಂಕ್' ಅಂತ, ನಮ್ಮೂರಿನ ಲೆಕ್ಕ ಕ್ವಾರ್ಟರಿನದ್ದು, ಕಳ್ಳಾದರೆ ಕುಪ್ಪಿಯದ್ದು, ಅದನ್ನೂ ಒಬ್ಬರು ತುಳುವಿನಲ್ಲಿ ಹೇಳಿದರೆ ಇನ್ನೊಬ್ಬರು ಮಲಯಾಳದಲ್ಲಿ.

ನನ್ನನ್ನು ಹೆದರಿಸಿದ್ದು ಬೇರೆ. ವರ್ಷಗಟ್ಟಲೆ ಜಾಸ್ತಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುತ್ತದೆ, ಫಿಟ್ಸ್ ಬರಬಹುದು, 2-3 ದಿನದಲ್ಲಿ ಇಲ್ಲದ್ದೆಲ್ಲ ಕಾಣಬಹುದು, ಜೀವವೂ ಹೋಗಬಹುದು. ಆಣೆ ಹಾಕಿಸಿ ಕೋಣೆಯಲ್ಲಿ ಕೂಡಿಹಾಕುವವರು ನಮ್ಮಲ್ಲಿ ಇದ್ದಾರಲ್ವಾ? ಮೊದಲು ಡಾಕ್ಟರ್, ಆಮೇಲೆ ನಾವು.

ನಾಳೆ ಮತ್ತೆ ರೋಲ್ ಪ್ಲೇ. ಈ ಸಲ ಕುರ್ಚಿ ತಿರುಗಿಸುವ ಸರದಿ ನನ್ನದು.