ಕೆಲಸ ಹೋಗಿಲ್ಲ, ಹೋಗಬಹುದು ಅಷ್ಟೇ

ಕಾರ್ಖಾನೆಯಲ್ಲಿ ಯಾರಿಗೆ ಕೆಲಸದ ಭಯ ಹತ್ತಿದೆ ಅನ್ನುವುದು ಎಲ್ಲರಿಗಿಂತ ಮೊದಲು ಟೈಮ್ ಆಫೀಸಿನವನಿಗೆ ಗೊತ್ತಾಗುತ್ತದೆ. ನಾನು ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ, ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ಟೈಮ್ ಆಫೀಸ್ ನೋಡಿಕೊಳ್ಳುತ್ತೇನೆ. ಕಂಪನಿ ಹೆಸರು ಬೇಡ, ಇನ್ನೂ ಅಲ್ಲೇ ಅನ್ನ ತಿನ್ನಬೇಕು. ಹಾಜರಿ, ಓಟಿ, ರಜೆ ಚೀಟಿ, ಪಿಎಫ್, ಇಎಸ್‌ಐ ಎಲ್ಲವೂ ನನ್ನ ಟೇಬಲ್ ದಾಟಿಯೇ ಹೋಗಬೇಕು. ಆರ್ಡರ್ ಕಡಿಮೆಯಾಗಿದೆ ಅಂತ ಸುದ್ದಿ ಹಬ್ಬಿದ ವಾರದಿಂದಲೇ ರಜೆ ಚೀಟಿ ಬರುವುದು ನಿಲ್ಲುತ್ತದೆ. ಜ್ವರ ಇದ್ದವನೂ ಬಂದು ಪಂಚ್ ಮಾಡುತ್ತಾನೆ. ಊರ ಜಾತ್ರೆಗೆ ಪ್ರತಿ ವರ್ಷ ರಜೆ ಹಾಕುತ್ತಿದ್ದ ಖಾನಾಪುರ ಕಡೆಯವನು ಫಸ್ಟ್ ಶಿಫ್ಟ್ ಮುಗಿಸಿ ಓಡುತ್ತಾನೆ, ಬೆಳಗಾದರೆ ಗೇಟಿನಲ್ಲಿ ಹಾಜರ್. ಪಿಎಫ್‌ನಲ್ಲಿ ಎಷ್ಟು ತೆಗೆಯಬಹುದು ಅಂತ ಕೇಳುವವರು ಜಾಸ್ತಿ ಆಗುತ್ತಾರೆ. ಅದೂ ಆಫೀಸಿನಲ್ಲಿ ಬೇರೆ ಯಾರೂ ಇಲ್ಲದ ಹೊತ್ತು ನೋಡಿ.

ಇದನ್ನೇ ಜೀವನಪೂರ್ತಿ ಓದಿದವರೊಬ್ಬರು ಇದ್ದಾರೆ ಅಂತ ನನಗೆ ಹೇಳಿದ್ದು ಅಣ್ಣನ ಮಗಳು. ಧಾರವಾಡದಲ್ಲಿ ಸೈಕಾಲಜಿ ಎಂಎ ಮಾಡುತ್ತಿದ್ದಾಳೆ. ದೀಪಾವಳಿಗೆ ಬಂದವಳು, "ಕಾಕಾ, ನಿಮ್ಮ ಮಂದೀಗೆ ನಾಕೇ ನಾಕು ಪ್ರಶ್ನಿ ಕೇಳೂದೈತಿ" ಅಂತ ಗಂಟು ಬಿದ್ದಳು. ಪ್ರಶ್ನೆಗಳು ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ಹಾನ್ಸ್ ಡಿ ವಿಟ್ಟೆ ಎಂಬವರದು. ನಾಲ್ಕು ಸಾಲು ಇವು: ನನ್ನ ಕೆಲಸ ಬೇಗ ಹೋಗುವ ಸಾಧ್ಯತೆ ಇದೆ. ನನ್ನ ಕೆಲಸ ಉಳಿಯುತ್ತದೆ ಅಂತ ಖಾತ್ರಿ ಇದೆ. ನನ್ನ ಕೆಲಸದ ಭವಿಷ್ಯದ ಬಗ್ಗೆ ಅಭದ್ರತೆ ಅನ್ನಿಸುತ್ತದೆ. ಹತ್ತಿರದಲ್ಲೇ ಕೆಲಸ ಕಳೆದುಕೊಳ್ಳಬಹುದು ಅನ್ನಿಸುತ್ತದೆ. ಪ್ರತಿಯೊಂದಕ್ಕೂ ಒಂದರಿಂದ ಐದರ ತನಕ ಗುರುತು ಹಾಕಬೇಕು, ಒಪ್ಪದಿದ್ದರೆ ಒಂದು, ಪೂರ್ತಿ ಒಪ್ಪಿದರೆ ಐದು. ಇಷ್ಟೇನಾ ಅಂತ ನನಗೆ ನಗು ಬಂತು. ಆದರೆ ಈ ನಾಲ್ಕು ಸಾಲನ್ನು ಯುರೋಪಿನ ಐದು ದೇಶಗಳಲ್ಲಿ ಪರೀಕ್ಷಿಸಿ, ಸರಿಯಾಗಿ ಅಳೆಯುತ್ತದೆ ಅಂತ 2014ರಲ್ಲಿ ಪ್ರಕಟಿಸಿದ್ದಾರಂತೆ.

ಕಂಪನಿಯೊಳಗೆ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ಅದಕ್ಕೆ ಶಿಫ್ಟ್ ಬಿಟ್ಟ ಮೇಲೆ ಮೂರನೇ ರೈಲ್ವೆ ಗೇಟ್ ಕಡೆಯ ಚಹಾದಂಗಡಿಯಲ್ಲಿ ಕೂತೆವು. ಹೆಸರು ಬರೆಯುವಂತಿಲ್ಲ, ಡಿಪಾರ್ಟ್‌ಮೆಂಟೂ ಬೇಡ.

ಫೆಟ್ಲಿಂಗ್‌ನ (ಎರಕದ ಪೀಸ್ ಉಜ್ಜಿ ನಯ ಮಾಡುವ ವಿಭಾಗ) ಕಾಂಟ್ರಾಕ್ಟ್ ಹುಡುಗರು ಚಹಾ ಆರುವುದರೊಳಗೆ ತುಂಬಿ ಕೊಟ್ಟರು. "ಇದ್ರಾಗ ಕೇಳೂದೇನೈತ್ರಿ ಅಕ್ಕಾರ, ಮಾರ್ಚ್‌ದಾಗ ನಮಗ ಬ್ರೇಕ್ ಐತಿ. ಐದಕ್ಕ ಐದು ಹಾಕ್ರಿ" ಅಂದ ಒಬ್ಬ. ಬ್ರೇಕ್ ಅಂದರೆ ಏನು ಅಂತ ಅವಳಿಗೆ ನಾನು ವಿವರಿಸಬೇಕಾಯಿತು. ಹನ್ನೆರಡು ತಿಂಗಳಲ್ಲಿ 240 ದಿನ ದುಡಿದರೆ ಒಂದು ವರ್ಷದ ಸತತ ಸೇವೆ ಅಂತ ಲೆಕ್ಕ. 1947ರ ಕೈಗಾರಿಕಾ ವಿವಾದ ಕಾಯ್ದೆಯಿಂದ ಬಂದದ್ದು. ಆಮೇಲೆ ತೆಗೆಯಬೇಕಾದರೆ ನೋಟಿಸ್ ಕೊಡಬೇಕು, ಸೇವೆಯ ಒಂದೊಂದು ವರ್ಷಕ್ಕೂ 15 ದಿನದ ಸಂಬಳ ಪರಿಹಾರ ಕೊಡಬೇಕು. ಹಾಗಾಗಿ ಲೆಕ್ಕ ಅಲ್ಲಿಗೆ ಮುಟ್ಟುವ ಮೊದಲೇ ಹುಡುಗನನ್ನು ಮನೆಗೆ ಕಳಿಸಿ, ಸ್ವಲ್ಪ ದಿನ ಬಿಟ್ಟು ಹೊಸ ಕಾರ್ಡಿನಲ್ಲಿ ಕರೆಯುತ್ತಾರೆ. ಉದ್ಯಮಬಾಗದಲ್ಲಿ ಇದು ಯಾರಿಗೂ ಹೊಸದಲ್ಲ.

ಪರ್ಮನೆಂಟ್ ಮಂದಿ ಹಾಗಲ್ಲ. ಮೋಲ್ಡಿಂಗ್‌ನ ಒಬ್ಬರು ಹಿರಿಯರು ಕಾಗದ ಹಿಡಿದುಕೊಂಡು ಬಹಳ ಹೊತ್ತು ಕೂತರು. "ಸರ್, ಇದು ಆಫೀಸಿಗೆ ಹೋಗೂದಿಲ್ಲ ಅಲ್ರೀ?" ಅಂತ ಕೇಳಿದರು. ಹೋಗುವುದಿಲ್ಲ ಅಂದ ಮೇಲೂ ಎರಡನೇ ಸಾಲಿಗೆ ಗುರುತು ಹಾಕಿ, ಹೊಡೆದು, ಮತ್ತೆ ಹಾಕಿದರು. ಇನ್ನೊಬ್ಬರು ಕಾಗದ ಮಡಚಿ ಜೇಬಿಗಿಟ್ಟರು, ನಾಳೆ ಕೊಡ್ತೀನಿ ಅಂದರು. ಕೊಡಲಿಲ್ಲ. ಇವರ ಕೆಲಸವೇ ಅಲ್ಲವೇ ಹೆಚ್ಚು ಗಟ್ಟಿ? ನನಗೆ ಇದು ಉಲ್ಟಾ ಅನ್ನಿಸಿತು.

ಅಣ್ಣನ ಮಗಳಿಗೆ ಆಶ್ಚರ್ಯವೇ ಆಗಲಿಲ್ಲ. ಡಿ ವಿಟ್ಟೆ ಮತ್ತು ಅವರ ಜೊತೆಯ ನೆಲೆ ಡಿ ಕೈಪರ್ 2007ರಲ್ಲೇ ಇದನ್ನು ಬರೆದಿದ್ದಾರಂತೆ. ತಾತ್ಕಾಲಿಕ ನೌಕರರಿಗೆ ಕೆಲಸ ಹೋಗುವ ಭಯ ಜಾಸ್ತಿ ಇರುತ್ತದೆ. ಆದರೆ ಆ ಭಯ ಕೆಲಸದ ತೃಪ್ತಿಯನ್ನೂ ಕಂಪನಿಯ ಮೇಲಿನ ಅಭಿಮಾನವನ್ನೂ ತಿನ್ನುವುದು ಕಾಯಂ ನೌಕರರಲ್ಲಿ. ಕಾಯಂ ಆದವನ ಮನಸ್ಸಿನಲ್ಲಿ ಒಂದು ಕರಾರು ಇರುತ್ತದೆ: ನಾನು ನಿಯತ್ತಾಗಿ ದುಡಿಯುತ್ತೇನೆ, ನೀವು ಕೊನೆತನಕ ಇಟ್ಟುಕೊಳ್ಳಿ. ಅದನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಮುರಿದಾಗ ಮೋಸ ಹೋದ ಹಾಗೆ ಆಗುತ್ತದೆ. ಕಾಂಟ್ರಾಕ್ಟ್ ಹುಡುಗನಿಗೆ ಆ ಮಾತು ಯಾವತ್ತೂ ಕೊಟ್ಟೇ ಇಲ್ಲ.

ಇದನ್ನು ಕೇಳಿ, ಕಾಂಟ್ರಾಕ್ಟ್ ಹುಡುಗರು ಆರಾಮ ಇದ್ದಾರೆ ಅಂದುಕೊಳ್ಳಬೇಡಿ. ನಾನಂತೂ ಅದನ್ನು ಒಪ್ಪುವುದಿಲ್ಲ. ಬೆಲ್ಜಿಯಂನಲ್ಲಿ ಕೆಲಸ ಹೋದರೆ ಸರ್ಕಾರದ ಭತ್ಯೆ ಇದೆ. ನಮ್ಮಲ್ಲಿ ಇಎಸ್‌ಐನವರು 2018ರಲ್ಲಿ ಅಟಲ್ ಹೆಸರಿನ ಒಂದು ಯೋಜನೆ ತಂದರು. ಕೆಲಸ ಹೋದವನಿಗೆ 90 ದಿನದವರೆಗೆ ದಿನಗೂಲಿಯ ಸರಾಸರಿಯಲ್ಲಿ 25%, ಆಮೇಲೆ 2020ರಲ್ಲಿ 50% ಮಾಡಿದರು. ಒಳ್ಳೆಯದೇ. ಆದರೆ ಎರಡು ವರ್ಷ ಇಎಸ್‌ಐ ವಿಮೆಯಲ್ಲಿ ಇದ್ದಿರಬೇಕು ಅನ್ನುವ ಷರತ್ತಿಟ್ಟರು. ವರ್ಷ ವರ್ಷ ಬ್ರೇಕ್ ತಿನ್ನುವ ಹುಡುಗ ಅದನ್ನು ಎಲ್ಲಿಂದ ತರಬೇಕು? ಚಹಾದಂಗಡಿಯಲ್ಲಿ ಐದಕ್ಕೆ ಐದು ಹಾಕಿ ಅಂದ ಹುಡುಗನ ಬೈಕ್ ಕಂತು ಇನ್ನೂ ತೀರಿಲ್ಲ ಅಂತ ನನಗೆ ಗೊತ್ತು. ಅವನ ಚಿಂತೆ ಈ ನಾಲ್ಕು ಪ್ರಶ್ನೆಯಲ್ಲಿ ಸಿಗುವುದಿಲ್ಲ ಅಷ್ಟೇ.

ಡಿ ವಿಟ್ಟೆ ಹೇಳುವುದರಲ್ಲಿ ನನಗೆ ಪೂರ್ತಿ ಒಪ್ಪಿಗೆಯಾದದ್ದು ಬೇರೆ. ಕೆಲಸ ಹೋದವನಿಗೆ ಮುಂದೇನು ಅಂತ ಒಂದು ದಾರಿ ಇರುತ್ತದೆ: ಮಚ್ಛೆ ಕಡೆಯ ಕಾರ್ಖಾನೆಗಳಲ್ಲಿ ವಿಚಾರಿಸುತ್ತಾನೆ, ಕೊಲ್ಹಾಪುರಕ್ಕೆ ಹೋಗುತ್ತಾನೆ, ಊರಿಗೆ ಹೋಗಿ ಕಬ್ಬು ನೋಡುತ್ತಾನೆ. ಹೋಗುತ್ತದೋ ಇಲ್ಲವೋ ಅಂತ ಕಾಯುವವನಿಗೆ ಯಾವ ದಾರಿಯೂ ಇಲ್ಲ. ಯಾವುದಕ್ಕೆ ತಯಾರಿ ಮಾಡಬೇಕು ಅಂತಲೇ ತಿಳಿಯುವುದಿಲ್ಲ. ಗ್ರೀನ್‌ಹಾಲ್ಗ್ ಮತ್ತು ರೋಸೆನ್‌ಬ್ಲಾಟ್ ಅನ್ನುವ ಇಬ್ಬರು 1984ರಲ್ಲೇ ಇದರ ಬಗ್ಗೆ ಬರೆದು, ಭಯದ ಜೊತೆಗೆ ನನ್ನ ಕೈಯಲ್ಲಿ ಏನೂ ಇಲ್ಲ ಅನ್ನುವುದನ್ನೂ ಸೇರಿಸಿ ಲೆಕ್ಕ ಹಾಕಬೇಕು ಅಂದಿದ್ದರು.

ಲಂಡನ್ನಿನ ಸರ್ಕಾರಿ ನೌಕರರ ಕಥೆಯೂ ಇದೇ. ವೈಟ್‌ಹಾಲ್ ಅಧ್ಯಯನ ಅಂತ ಅವರ ಆರೋಗ್ಯವನ್ನು ವರ್ಷಗಟ್ಟಲೆ ನೋಡುತ್ತಾ ಬಂದಿದ್ದರು. ನಡುವೆ ಒಂದು ಇಲಾಖೆಯನ್ನು ಖಾಸಗಿಗೆ ಕೊಡುತ್ತಾರೆ ಅಂತ ಸುದ್ದಿಯಾಯಿತು. ಇನ್ನೂ ಕೊಟ್ಟಿರಲಿಲ್ಲ, ಯಾರ ಕೆಲಸವೂ ಹೋಗಿರಲಿಲ್ಲ. ಅಷ್ಟರಲ್ಲೇ ಆ ಇಲಾಖೆಯವರು ತಮ್ಮ ಆರೋಗ್ಯ ಕೆಟ್ಟಿದೆ ಅಂತ ಹೇಳುವುದು ಬೇರೆ ಇಲಾಖೆಯವರಿಗಿಂತ ಜಾಸ್ತಿಯಾಗಿತ್ತು. ಇದು 1995ರಲ್ಲಿ ಪ್ರಕಟವಾಯಿತು. ಮುಂದೆ 2009ರಲ್ಲಿ ಅಮೆರಿಕದ ಸರ್ವೆಗಳಲ್ಲೂ, ವರ್ಷಗಳ ಅಂತರದಲ್ಲಿ ಎರಡು ಸಲ ಕೇಳಿದಾಗಲೂ ಭಯದಲ್ಲೇ ಇದ್ದವರ ಆರೋಗ್ಯ ಕೆಟ್ಟಿದ್ದು ಕಂಡಿತು. ಕೆಲಸ ಉಳಿದಿದ್ದರೂ!

2019ರಲ್ಲಿ ದೇಶದಲ್ಲಿ ಗಾಡಿ ಮಾರಾಟ ಬಿದ್ದಾಗ ನಾನು ಇದನ್ನೇ ನೋಡಿದ್ದೆ. ಮೊದಲು ಮೂರನೇ ಶಿಫ್ಟ್ ನಿಂತಿತು, ಆಮೇಲೆ ಓಟಿ, ಆಮೇಲೆ ಕಾಂಟ್ರಾಕ್ಟ್ ಮಂದಿ. ಪರ್ಮನೆಂಟ್‌ನವರಲ್ಲಿ ಒಬ್ಬರನ್ನೂ ತೆಗೆಯಲಿಲ್ಲ. ಆದರೂ ಬಿಪಿ ಗುಳಿಗೆಗೆ ಇಎಸ್‌ಐ ಚೀಟಿ ಬರೆಸಿಕೊಳ್ಳಲು ಬಂದವರು ಅವರೇ. ಮೇಲಿನವರನ್ನು ಕೇಳಿದರೆ ಬರುತ್ತಿದ್ದದ್ದು ಒಂದೇ ಉತ್ತರ, "ನೋಡೂಣು". ಈ ನೋಡೂಣು ಕೆಲವರ ನಿದ್ದೆಯನ್ನೇ ತಿಂದಿತು.

ಕೆಲಸ ಉಳಿದು, ಅದರಲ್ಲಿದ್ದ ಒಳ್ಳೆಯದು ಹೋಗುವ ಭಯ ಇನ್ನೊಂದು. ಸ್ವೀಡನ್ನಿನ ಹೆಲ್ಗ್ರೆನ್, ಸ್ವೆರ್ಕೆ, ಇಸಾಕ್ಸನ್ ಇದನ್ನು 1999ರಲ್ಲಿ ಬೇರೆ ಮಾಡಿ ತೋರಿಸಿದರು. ನಮ್ಮ ಇನ್‌ಸ್ಪೆಕ್ಷನ್‌ನಲ್ಲಿ ಒಬ್ಬರಿದ್ದಾರೆ. ವರ್ನಿಯರ್ ಹಿಡಿಯುವ ಮೊದಲೇ ಪೀಸ್ ರಿಜೆಕ್ಟ್ ಅಂತ ಕಣ್ಣಳತೆಯಲ್ಲೇ ಹೇಳುವವರು. ಹೋದ ವರ್ಷ ಪೀಸಿನ ಅಳತೆ ತಾನೇ ತೆಗೆಯುವ ಸಿಎಂಎಂ ಮಷಿನ್ ಬಂತು, ಅದನ್ನು ನಡೆಸಲು ಡಿಪ್ಲೊಮಾ ಹುಡುಗ ಬಂದ. ಇವರ ಸಂಬಳ ಒಂದು ಪೈಸೆ ಕಡಿಮೆಯಾಗಿಲ್ಲ. ಆದರೆ ಅನುಮಾನ ಬಂದಾಗ ಪೀಸ್ ಹಿಡಿದುಕೊಂಡು ಅವರ ಹತ್ತಿರ ಬರುವವರು ಯಾರೂ ಇಲ್ಲ. ಈಗ ಊಟಕ್ಕೆ ಕ್ಯಾಂಟೀನಿಗೂ ಬರುವುದಿಲ್ಲ, ಡಬ್ಬಿ ಅಲ್ಲೇ ಬಿಚ್ಚುತ್ತಾರೆ.

ಲೂವೆನ್‌ನವರ ಇನ್ನೊಂದು ಅಧ್ಯಯನ 2010ರದ್ದು. ಕಂಪನಿ ಮಾಹಿತಿ ಸರಿಯಾಗಿ ಹೇಳುವ ಕಡೆ, ನಿರ್ಧಾರದಲ್ಲಿ ನೌಕರರನ್ನು ಸೇರಿಸಿಕೊಳ್ಳುವ ಕಡೆ ಈ ಭಯ ಕಡಿಮೆ ಇರುತ್ತದೆ ಅಂತ. ನಾನು ಇದನ್ನು ಹಿಡಿದುಕೊಂಡು ಪ್ಲಾಂಟ್ ಮ್ಯಾನೇಜರ್ ಹತ್ತಿರ ಹೋದೆ. ತಿಂಗಳ ಆರ್ಡರ್ ಎಷ್ಟು ಟನ್ ಇದೆ ಅಂತ ನೋಟಿಸ್ ಬೋರ್ಡಿಗೆ ಹಾಕೋಣ, ಖರ್ಚೇನೂ ಇಲ್ಲ ಅಂದೆ. "ಆರ್ಡರ್ ಬಿದ್ದ ತಿಂಗಳು ಮಂದಿ ಹೆದರೂದಿಲ್ಲೇನು?" ಅಂದರು. ಹಾಕದಿದ್ದರೆ ಎಲ್ಲ ತಿಂಗಳೂ ಹೆದರುತ್ತಾರೆ ಸರ್, ಅಂದೆ. ಅವರು ಫ್ಯಾನ್ ಕಡೆ ನೋಡಿದರು.

ಟನ್ ಲೆಕ್ಕ ಹಾಕಲು ಒಪ್ಪಲಿಲ್ಲ. ಮುಂದಿನ ತಿಂಗಳ ಶಿಫ್ಟ್ ಮತ್ತು ಓಟಿ ಪಟ್ಟಿಯನ್ನು ಮಾತ್ರ ಮೊದಲೇ ಹಾಕು ಅಂದರು. ಹಾಕಿದೆ. ಬೋರ್ಡ್ ಮುಂದೆ ಎಂಥ ಗದ್ದಲ ಅಂತೀರಿ! ಫೋನಿನಲ್ಲಿ ಫೋಟೋ ತೆಗೆದು ಮನೆಗೆ ಕಳಿಸಿದರು. ಆ ವಾರ ಎರಡು ರಜೆ ಚೀಟಿ ಬಂದವು, ಒಂದು ಮಗಳ ಸೀಮಂತಕ್ಕೆ, ಇನ್ನೊಂದು ಸವದತ್ತಿ ಎಲ್ಲಮ್ಮನಿಗೆ. ಪಟ್ಟಿ ಪ್ರತಿ ತಿಂಗಳು 25ನೇ ತಾರೀಕಿನೊಳಗೆ ಬೀಳಬೇಕು, ಕಾಂಟ್ರಾಕ್ಟ್ ಮಂದಿಯ ಬ್ರೇಕ್ ತಾರೀಕೂ ಅದರಲ್ಲಿರಬೇಕು ಅಂತ ಯೂನಿಯನ್‌ನವರು ಈಗ ಅರ್ಜಿ ಕೊಟ್ಟಿದ್ದಾರೆ. ಅರ್ಜಿ ಮ್ಯಾನೇಜರ್ ಟೇಬಲ್ ಮೇಲಿದೆ. ಕೇಳಿದ್ದಕ್ಕೆ ನೋಡೂಣು ಅಂದಿದ್ದಾರೆ.